‘ನಾವೀನ್ಯ’: ಅರ್ಥವೂ ಬಳಕೆಯೂ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಮದ್ದೂರಿನ ಅರಣ್ಯ ತಪಾಸಣಾ ಠಾಣೆಯನ್ನು ಮುಟ್ಟುವ ಮುನ್ನ, ಮಳೆಗಾಲದಲ್ಲಿ ಚೆಂಡುಹೂವಿನ ಹೊಲಗಳು ಕಾಣುತ್ತವೆ. ಈ ಹೂವಿನ ಮೂಲನೆಲೆ ಮೆಕ್ಸಿಕೋ ದೇಶದ ಕಡೆಯದು. ಇದರ ದಳಗಳಿಂದ ತೆಗೆದ ಬಣ್ಣವನ್ನು ಕೋಳಿಗಳ ಆಹಾರಕ್ಕೆ ಬೆರೆಸುವುದುಂಟು. ರಾಗಿ ಜೋಳಗಳ ಸೀಮೆಗೆ ಇಂಥ ಬೆಳೆಯನ್ನು ತಂದ ಕಾರ್ಯಕ್ಕೆ ಕನ್ನಡದಲ್ಲಿ ಏನೆನ್ನಬೇಕು? ವಿದ್ಯಾರ್ಥಿಗಳು ಥಟ್ಟನೆ ಬರೆಯುವ ಶಬ್ದ ‘ಆವಿಷ್ಕಾರ’. ಅದು ಇಲ್ಲಿ ಸಲ್ಲದೆಂದು ನಮ್ಮ ಅಭಿಪ್ರಾಯ.

‘ಆವಿಸ್’ ಎಂದರೆ ಬಯಲಾಗಿ, ಕಾಣುವಂತೆ. ಆವಿಷ್ಕಾರವೆಂದರೆ ಮರೆಯಲ್ಲಿದ್ದುದನ್ನು ಪ್ರಕಟಪಡಿಸುವುದು. ಕನ್ನಡದಲ್ಲಿ ಅದು ಇಲ್ಲದ ವಸ್ತುವನ್ನು ಉಂಟುಮಾಡುವುದೆಂಬ ಅರ್ಥಕ್ಕೂ ಹರಡಿದೆ. ರೈತನು ಈ ಎರಡನ್ನೂ ಮಾಡಲಿಲ್ಲ. ಬೇರೆಡೆ ಇದ್ದುದನ್ನು ತನ್ನ ನೆಲದ ಬಳಕೆಗೆ ತಂದನು. ಅರ್ಥಶಾಸ್ತ್ರಜ್ಞ ಷುಂಪೀಟರ್ 1939ರ ತನ್ನ ಗ್ರಂಥದಲ್ಲಿ ‘ಇನ್ವೆನ್ಷನ್’ ಬೇರೆ, ‘ಇನ್ನೋವೇಷನ್’ ಬೇರೆ ಎಂದು ವಿಂಗಡಿಸಿದುದು ಈ ಭೇದವನ್ನೇ. ಎರಡಕ್ಕೂ ಒಂದೇ ಶಬ್ದವನ್ನು ಬಳಸಿದರೆ ಆತನ ವಾದವೇ ಕನ್ನಡದಲ್ಲಿ ಅಳಿಸಿಹೋಗುತ್ತದೆ.

‘ಇನ್ನೋವೇಷನ್’ ಶಬ್ದದ ಮೂಲವಾದ ಲ್ಯಾಟಿನ್ನಿನ ‘ನೋವುಸ್’ ನಮ್ಮ ‘ನವ’ಕ್ಕೆ ಜ್ಞಾತಿ. ಆ ಶಬ್ದಕ್ಕೆ ಹಿಂದೆ ಇಂಗ್ಲೆಂಡಿನಲ್ಲಿ ಒಳ್ಳೆಯ ಹೆಸರಿರಲಿಲ್ಲ. 1548ರಲ್ಲಿ ಧರ್ಮಾಚರಣೆಯಲ್ಲಿ ಹೊಸತನ್ನು ತರುವವರ ವಿರುದ್ಧ ರಾಜಘೋಷಣೆಯೇ ಹೊರಟಿತ್ತು. ನಮ್ಮ ‘ಹೊಸ’ಕ್ಕೆ ಅಂಥ ಕಳಂಕವಿಲ್ಲ. ಹಳಗನ್ನಡದ ‘ಪೊಸ’ ಪಕಾರ ಹಕಾರವಾಗಿ ‘ಹೊಸ’ ಆಯಿತು. ತಮಿಳಿನ ‘ಪುದು’ ಇದರ ಸೋದರ. ತನ್ನ ಕಾವ್ಯವು ಕಡಲಿನಂತೆ ನಿತ್ಯವೂ ಹೊಸತೆಂದು ಪಂಪನು ಹೇಳಿಕೊಂಡನು. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಅದು ವರ್ಷವರ್ಷವೂ ಬರುವ ಹೊಸತು! ಎಂದರೆ, ಹಿಂದೆಂದೂ ಇಲ್ಲದ್ದೇ ಹೊಸತಾಗಬೇಕೆಂಬ ನಿರ್ಬಂಧವನ್ನು ಕನ್ನಡವು ಹಾಕಿಕೊಂಡಿಲ್ಲ.

ಇನ್ನು ‘ನಾವೀನ್ಯತೆ’. ‘ನವೀನ’ಕ್ಕೆ ಭಾವಾರ್ಥದ ಪ್ರತ್ಯಯ ಸೇರಿ ‘ನಾವೀನ್ಯ’ ಆಗಿದೆ. ಮೇಲೆ ‘ತೆ’ ಹಚ್ಚುವುದು ‘ಸೌಂದರ್ಯತೆ’ ಎಂದಂತೆ. ‘ನವೀನತೆ’ ಅಥವಾ ‘ನಾವೀನ್ಯ’ ಎಂದರೆ ಸಾಕು. ಆದರೂ ರೂಢಿ ಬಲವತ್ತರವಾದುದು. ಈ ಶಬ್ದವು ಪತ್ರಿಕೆಗಳಲ್ಲಿಯೂ ಸರ್ಕಾರಿ ಬರಹದಲ್ಲಿಯೂ ನೆಲೆಗೊಂಡಿದೆ. ಉತ್ತರಪತ್ರಿಕೆಯಲ್ಲಿ ಇದಕ್ಕಾಗಿ ಅಂಕ ಕಳೆಯಲು ನಾವು ಹೇಳುವುದಿಲ್ಲ.

ಆಡುಮಾತಿಗೆ ನಾಮಪದದ ಹಂಗೇ ಇಲ್ಲ. ‘ಹೊಸ ಬೆಳೆ ಹಾಕಿದೆವು’ ಎಂದರೆ ರೈತನ ಮಾತು ಮುಗಿಯಿತು. ಶಾಸ್ತ್ರಬರಹದಲ್ಲಿ ‘ಹೊಸದಾಗಿ ರೂಢಿಗೆ ತರುವುದು’ ಎಂದು ಕ್ರಿಯಾಪದದಿಂದಲೇ ಹೇಳಬಹುದು. ಉದ್ದವಾಯಿತೆಂಬ ಆಕ್ಷೇಪ ಬರಬಹುದು. ಆದರೆ ತಂದುದು ಹೊಸತು, ಅದು ರೂಢಿಗೂ ಬಂದಿತು ಎಂಬ ಎರಡು ಅಂಶಗಳೂ ಅದರಲ್ಲಿ ಉಳಿಯುತ್ತವೆ. ‘ಆವಿಷ್ಕಾರ’ದಲ್ಲಿ ಎರಡನೆಯದು ಇಲ್ಲ.