ತಣ್ಣೀರಿಗೆ ಮೆತ್ತಗಾಗುವ ದೋಣಿ

ಅಂಕೋಲಾ ತಾಲೂಕಿನ ಸುಂಕಸಾಳದ ಓದುಗರೊಬ್ಬರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಗಂಗಾವಳಿ ಹೊಳೆಯಲ್ಲಿ ಗಾಳ ಹಾಕಲೆಂದು ಅವರು ಗಾಳಿ ತುಂಬುವ ಪುಟ್ಟ ದೋಣಿ ತರಿಸಿದ್ದಾರೆ. ಅಂಗಳದ ಬಿಸಿಲಲ್ಲಿ ಪಂಪು ಒತ್ತಿ, ಬೆರಳಲ್ಲಿ ಬಡಿದರೆ ಸದ್ದು ಬರುವಷ್ಟು ಬಿಗಿ ಮಾಡುತ್ತಾರೆ. ಹೊಳೆಗಿಳಿಸಿ ಸ್ವಲ್ಪ ಹೊತ್ತಾಗುವುದರೊಳಗೆ ಅದು ಮೆತ್ತಗಾಗುತ್ತದೆ. ಸೋಪಿನ ನೀರು ಬಳಿದು ಹುಡುಕಿದರೂ ಎಲ್ಲೂ ಗುಳ್ಳೆ ಏಳಲಿಲ್ಲ. ತೂತಿಲ್ಲದ ಮೇಲೆ ಗಾಳಿ ಹೋಗುವುದಾದರೂ ಎಲ್ಲಿಗೆ?

ಎಲ್ಲಿಗೂ ಹೋಗಿಲ್ಲ, ಒಳಗೇ ಇದೆ. ತಣ್ಣಗಾಗಿದೆ, ಅಷ್ಟೆ. ಆದರೆ ಅಷ್ಟು ಸಣ್ಣ ತಂಪಿಗೆ ಇಷ್ಟು ದೊಡ್ಡ ಪರಿಣಾಮ ಹೇಗೆ ಎಂಬುದರಲ್ಲೇ ಸ್ವಾರಸ್ಯವಿರುವುದು.

ನಮ್ಮನ್ನು ಸುತ್ತಿರುವ ವಾಯುಮಂಡಲದ ಒತ್ತಡ ಸುಮಾರು 1 ಬಾರ್. ಒಳ್ಳೆಯ ಗಾಳಿದೋಣಿಯ ಕೊಳವೆಯಲ್ಲಿ ಅದಕ್ಕಿಂತ ಸುಮಾರು 0.2 ಬಾರ್ ಹೆಚ್ಚಿರುತ್ತದೆ, ಅಂದರೆ ಒಟ್ಟು 1.2. ಲಾರಿಯ ಟೈರಿನಲ್ಲಿ ಹೊರಗಿಗಿಂತ 7–8 ಬಾರ್ ಹೆಚ್ಚಿರುವುದನ್ನು ನೆನೆದರೆ ಇದು ಏನೂ ಅಲ್ಲ. ಬಿಸಿಲಲ್ಲಿ ಕೊಳವೆಯೊಳಗಿನ ಗಾಳಿ 45 ಡಿಗ್ರಿಗೆ ಕಾದಿತ್ತು ಎನ್ನೋಣ. ಹೊಳೆಗೆ ಇಳಿದು ಅದು 28 ಡಿಗ್ರಿಗೆ ತಣಿಯಿತು. ಅನಿಲದ ಒತ್ತಡವನ್ನು ಲೆಕ್ಕ ಹಾಕುವುದು ಕೆಲ್ವಿನ್ ಮಾನದಲ್ಲಿ. ಆ ಮಾನದಲ್ಲಿ ಇದು 318ರಿಂದ 301ಕ್ಕೆ ಇಳಿದಂತೆ, ನೂರಕ್ಕೆ ಐದಾರು ಪಾಲು ಮಾತ್ರ. ಒಟ್ಟು ಒತ್ತಡವೂ ಅಷ್ಟೇ ಇಳಿದು 1.2ರಿಂದ ಸುಮಾರು 1.14ಕ್ಕೆ ಬರುತ್ತದೆ. ಆದರೆ ದೋಣಿಯನ್ನು ಸೆಟೆದು ನಿಲ್ಲಿಸುವುದು ಈ ಒಟ್ಟು ಒತ್ತಡವಲ್ಲ, ಹೊರಗಿನ ಗಾಳಿಗಿಂತ ಒಳಗೆ ಹೆಚ್ಚಿರುವ ಆ ಚೂರು ಪಾಲು. ಅದು 0.2ರಿಂದ 0.14ಕ್ಕೆ ಇಳಿಯಿತು, ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಮಾಯ! ಬಡಪಾಯಿ ದೋಣಿ ಮೆತ್ತಗಾಗದೆ ಏನು ಮಾಡೀತು?

ಹಾಗಾಗಿ ಉಪಾಯ ಸುಲಭ. ದಡದಲ್ಲೇ ದೋಣಿಯ ಮೈಮೇಲೆ ಹೊಳೆನೀರು ಸುರಿದು, ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಇನ್ನೊಮ್ಮೆ ಪಂಪು ಒತ್ತಬೇಕು. ಅದರ ನಂತರವೂ ಇಳಿದರೆ ಮಾತ್ರ ತೂತು ಹುಡುಕಿ. ಮೀನು ಹಿಡಿದು ಮರಳಿ ಬಂದಾಗ ಇದರ ತಿರುವುಮುರುವು ಮಾಡುವುದನ್ನು ಮರೆಯಬಾರದು. ತಂಪಿನಲ್ಲಿ ಬಿಗಿ ಮಾಡಿದ ದೋಣಿಯನ್ನು ಹಾಗೇ ಬಂಡೆಯ ಮೇಲೆ ಬಿಸಿಲಿಗೆ ಒಗೆದರೆ ಅದೇ ಲೆಕ್ಕ ಮೇಲ್ಮುಖವಾಗಿ ಓಡಿ ಅಂಟು ಹಾಕಿದ ಜಾಗ ಬಿಟ್ಟುಕೊಳ್ಳಬಹುದು. ವಾಲ್ವ್ ಸಡಿಲಿಸಿ ಒಂದಿಷ್ಟು ಗಾಳಿ ಬಿಟ್ಟೇ ಒಣಗಿಸಬೇಕು.

ಇಷ್ಟು ಕಡಿಮೆ ಒತ್ತಡದಲ್ಲಿ ಆಳೊಬ್ಬನ ಭಾರಕ್ಕೆ ದೋಣಿ ಮಡಚಿಕೊಳ್ಳದಿರುವುದು ಕೊಳವೆಯ ದಪ್ಪದಿಂದ. ಒತ್ತಡ ಅಷ್ಟೇ ಇದ್ದು ಕೊಳವೆಯ ದಪ್ಪ ಎರಡರಷ್ಟಾದರೆ, ಅದನ್ನು ಬಾಗಿಸಿ ಮಡಚಲು ಬೇಕಾದ ಬಲ ಎಂಟರಷ್ಟಾಗುತ್ತದೆ. ನಮ್ಮ ಜಲಾಶಯಗಳಲ್ಲಿ ಲಾರಿಯ ಟ್ಯೂಬಿಗೆ ಗಾಳಿ ಹೊಡೆದು, ಅದರ ಮೇಲೆ ಕೂತು, ಕೈಯನ್ನೇ ಹುಟ್ಟು ಮಾಡಿಕೊಂಡು ಬಲೆ ಬಿಡುವವರನ್ನು ನೋಡಿದಾಗಲೆಲ್ಲ ನನಗೆ ಮೆಚ್ಚುಗೆ ಉಕ್ಕುತ್ತದೆ. ಗಾಳಿ ತುಂಬಿ ತೇಲುವ ಈ ಉಪಾಯ ಹೊಸದೇನಲ್ಲ. ಊದಿದ ತೊಗಲಿನ ಚೀಲ ತಬ್ಬಿಕೊಂಡು ನದಿ ಈಜುವ ಅಸ್ಸೀರಿಯದ ಸೈನಿಕರ ಕೆತ್ತನೆಗೆ ಎರಡೂಮುಕ್ಕಾಲು ಸಾವಿರ ವರ್ಷ ಮೀರಿದ ವಯಸ್ಸು. 1840ರ ದಶಕದಲ್ಲಿ ಪೀಟರ್ ಹಾಲ್ಕೆಟ್ ಎಂಬ ಬ್ರಿಟಿಷ್ ನೌಕಾಧಿಕಾರಿ ಮೇಲಂಗಿಯಾಗಿ ತೊಟ್ಟು, ಬೇಕೆಂದಾಗ ಊದಿ ದೋಣಿ ಮಾಡಿಕೊಳ್ಳುವ ರಬ್ಬರು ಬಟ್ಟೆಯನ್ನು ರೂಪಿಸಿದ್ದ.

ಇನ್ನು ಗಾಳದ ಭಯ. ಗಾಳದ ಮುಳ್ಳು ಚುಚ್ಚಿದರೆ ದೋಣಿ ಬಲೂನಿನಂತೆ ಢಬ್ಬೆಂದು ಒಡೆಯುತ್ತದೆ ಎಂದು ಹೆದರಿಸುವವರು ಎಲ್ಲ ಊರಲ್ಲೂ ಇದ್ದಾರೆ. ಬಲೂನು ಒಡೆಯುವುದು ಅದರ ರಬ್ಬರು ಹಲವು ಪಟ್ಟು ಹಿಗ್ಗಿ ಸೆಟೆದಿರುವುದರಿಂದ. ಒಂದು ಕಡೆ ಸೀಳಿದರೆ ಆ ಸೀಳು ಓಡುತ್ತದೆ. ಗಟ್ಟಿ ದೋಣಿಯ ಮೈ ಹಿಗ್ಗುವುದೇ ಇಲ್ಲವೆನ್ನಬಹುದು. ಪಾಲಿಯೆಸ್ಟರ್ ನೇಯ್ಗೆಗೆ ಎರಡೂ ಬದಿ ಪಿವಿಸಿ ಮೆತ್ತಿರುತ್ತಾರೆ. ಮುಳ್ಳು ಚುಚ್ಚಿದ ಕಡೆ ಸೀಳು ಹೊರಟರೂ ಮುಂದಿನ ನೂಲು ತಡೆದು ನಿಲ್ಲಿಸುತ್ತದೆ. ತಾನಾಗಿ ಹೊರನುಗ್ಗುವುದು ಆ ಹೆಚ್ಚಿನ ಒತ್ತಡದ ಗಾಳಿ ಮಾತ್ರ, ಅಂದರೆ ಒಳಗಿರುವುದರ ಆರನೇ ಒಂದು ಪಾಲು. ಉಳಿದದ್ದನ್ನು ನೀರು ಮತ್ತು ನಿಮ್ಮ ಭಾರ ಹಿಸುಕಿ ಹೊರಹಾಕಬೇಕು. ಗಂಗಾವಳಿಯ ಅಗಲದ ಹೊಳೆಯಲ್ಲಿ ದಡ ಮುಟ್ಟಲು ಅಷ್ಟು ಸಮಯ ಸಾಕು. ಕೊಳವೆಗಳು ಬೇರೆ ಬೇರೆ ಕೋಣೆಗಳಾಗಿದ್ದರೆ ಇನ್ನೂ ನಿಶ್ಚಿಂತೆ.

ಮಕ್ಕಳ ಕೊಳಕ್ಕೆಂದು ಮಾರುವ ಅಗ್ಗದ ದೋಣಿಗೆ ಈ ಮಾತು ಅನ್ವಯಿಸುವುದಿಲ್ಲ. ಅದು ಬರಿಯ ಪ್ಲಾಸ್ಟಿಕ್ ಹಾಳೆ. ತೇಪೆಗೆಂದು ಕೊಟ್ಟ ತುಂಡನ್ನು ಬೆಳಕಿಗೆ ಹಿಡಿದು, ಕತ್ತರಿಸಿದ ಅಂಚನ್ನು ಉಗುರಿನಿಂದ ಕೆರೆದು ನೋಡಿ. ನೂಲಿನ ಎಳೆ ಎದ್ದರೆ ಹೊಳೆಗೆ ಒಯ್ಯಬಹುದು. ಏಳದಿದ್ದರೆ ಗಾಳದ ಜೊತೆ ಅದನ್ನು ಒಯ್ಯಲೇಬೇಡಿ. ನೂಲಿದ್ದರೂ ಚೇಳು ಮೀನನ್ನು ಕೊಳವೆಯ ಮೇಲೆ ಎಳೆದು ಹಾಕಬಾರದು. ಅದರ ಈಜುರೆಕ್ಕೆಯ ಮುಳ್ಳು ವಿಷದ್ದು, ದೋಣಿಗಿಂತ ಮೊದಲು ನಿಮ್ಮ ಕೈಗೆ ಅಪಾಯ.

ಅಪಾಯದ ಮಾತು ಬಂದಾಗ, ಹೊಳೆಯ ಮಡು ವರ್ಷಕ್ಕೊಂದು ಬಲಿ ಬೇಡುತ್ತದೆ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಮಡು ಏನನ್ನೂ ಬೇಡುವುದಿಲ್ಲ. ಮುಳುಗಿದವರು ಲೈಫ್ ಜಾಕೆಟ್ ಹಾಕಿದ್ದರೇ, ಈಜು ಬರುತ್ತಿತ್ತೇ, ಮೇಲಿನ ಘಟ್ಟದಲ್ಲಿ ಮಳೆಯಾಗಿತ್ತೇ ಎಂದು ಕೇಳಬೇಕಾದ ಹೊತ್ತಿನಲ್ಲಿ ದೆವ್ವದ ಮೇಲೆ ಹೊರಿಸಿ ಸುಮ್ಮನಾಗುವುದು ಮುಂದಿನ ಸಾವಿಗೆ ದಾರಿ ಮಾಡಿದಂತೆ. ಇದೇ ಗಂಗಾವಳಿ 2019ರ ಆಗಸ್ಟ್‌ನಲ್ಲಿ ಊರುಗಳಿಗೆ ನುಗ್ಗಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೊಳೆಗೆ ಬಿದ್ದಾಗ, ಹುಡುಕಾಟಕ್ಕೆ ಬಂದ ನೌಕಾಪಡೆಯ ನುರಿತ ಮುಳುಗುಗಾರರೂ ಸೆಳವಿಗೆ ಸೋತು ಕಾಯಬೇಕಾಯಿತು. ಮಳೆಗಾಲದಲ್ಲಿ ಈ ದೋಣಿ ಅಟ್ಟದ ಮೇಲೇ ಇರಲಿ.

ಬೇಸಗೆಯಲ್ಲೂ ಗಾಳಿ ಬೀಸಿದರೆ ಎಚ್ಚರ ಬೇಕು. ಮರದ ದೋಣಿಯ ಹೊಟ್ಟೆ ನೀರೊಳಗಿರುತ್ತದೆ, ಗಾಳಿದೋಣಿ ನೀರ ಮೇಲೇ ಕೂತಿರುತ್ತದೆ, ಹಾಗಾಗಿ ಹುಟ್ಟು ಹಾಕಿದ್ದಕ್ಕಿಂತ ಗಾಳಿ ನೂಕಿದ್ದೇ ಹೆಚ್ಚಾಗುತ್ತದೆ. ಲಂಗರಿನ ಹಗ್ಗವನ್ನು ಮುಂದಿನ ಮೂಗಿಗೇ ಕಟ್ಟಿ. ಪಕ್ಕಕ್ಕೆ ಕಟ್ಟಿದರೆ ಹರಿವು ದೋಣಿಯನ್ನು ಅಡ್ಡ ತಿರುಗಿಸಿ ಒಂದು ಅಂಚನ್ನು ಕೆಳಗೆಳೆಯುತ್ತದೆ. ಬೇಗ ಬಿಚ್ಚಿಕೊಳ್ಳುವ ಗಂಟು ಹಾಕಿ, ಅದು ಕುಳಿತಲ್ಲಿಂದಲೇ ಕೈಗೆ ಸಿಗುವಂತಿರಲಿ.