ಬಟ್ಟೆ ಒಗೆಯುವ ಯಂತ್ರ ಕೆಟ್ಟಾಗ: ದುರಸ್ತಿಯೇ, ಹೊಸದೇ?

ಮನೆಗೆಲಸಗಳಲ್ಲಿ ಬಟ್ಟೆ ಒಗೆಯುವುದರಷ್ಟು ಮೈ ನೋಯಿಸುವ ಕೆಲಸ ಇನ್ನೊಂದಿಲ್ಲ. ಒಗೆಯುವ ಕಲ್ಲಿಗೂ ಹಿತ್ತಲಿಗೂ ಎಡೆಯಿಲ್ಲದ ಮಹಾನಗರಗಳ ಮಹಡಿ ಮನೆಗಳಲ್ಲಿ, ಗಂಡಹೆಂಡಿರಿಬ್ಬರೂ ದುಡಿಯಲು ಹೋಗುವ ಕುಟುಂಬಗಳಲ್ಲಿ, ವಾಷಿಂಗ್ ಮೆಷಿನ್ ಈಗ ವೈಭವದ ವಸ್ತುವಾಗಿ ಉಳಿದಿಲ್ಲ. ಅದು ನಿಂತ ದಿನ ಅದರ ಹೊರೆ ಬಹುಮಟ್ಟಿಗೆ ಮನೆಯ ಹೆಂಗಸರ ರಟ್ಟೆಯ ಮೇಲೆ ಬೀಳುತ್ತದೆ. ಆ ಅವಸರದಲ್ಲಿ ದುರಸ್ತಿಗಾರನು ಹೇಳಿದ ಮೊದಲ ಮಾತಿಗೇ ಒಪ್ಪಿ ಹಣ ಕಳೆದುಕೊಳ್ಳುವವರು ಅನೇಕರು.

ಪುಣೆಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಏಳು ವರ್ಷ ಹಳೆಯದಾದ, ಮುಂಭಾಗದಲ್ಲಿ ಬಾಗಿಲಿರುವ ಅವರ ಯಂತ್ರವು ಒಂದು ಬೆಳಿಗ್ಗೆ ನೀರು ತುಂಬಿಕೊಂಡು ನಿಂತುಬಿಟ್ಟಿತು, ಬಾಗಿಲೂ ತೆರೆಯಲಿಲ್ಲ. ಬಂದ ದುರಸ್ತಿಗಾರನು ಹೊರಗಿನಿಂದಲೇ ನೋಡಿ, "ಬೋರ್ಡ್ ಹೋಗಿದೆ, ಹೊಸ ಯಂತ್ರವನ್ನೇ ತೆಗೆದುಕೊಳ್ಳಿ" ಎಂದನು. ಆತನ ಮಾತು ನಿಜವಿರಬಹುದು. ಆದರೆ ನೀರು ಹೊರಹೋಗದಿರುವುದಕ್ಕೆ ಬೋರ್ಡಿಗಿಂತ ಸಾಮಾನ್ಯವಾದ ಕಾರಣವು ಯಂತ್ರದ ಕೆಳಮೂಲೆಯಲ್ಲಿರುವ ಪಂಪಿನ ಜಾಲರಿಯಲ್ಲಿ ಅಡಗಿರುತ್ತದೆ. ಅಂಗಿಯ ಜೇಬಿನಲ್ಲಿ ಉಳಿದ ನಾಣ್ಯ, ತಲೆಪಿನ್ನು, ಗುಂಡಿ, ಮಗುವಿನ ಕಾಲುಚೀಲ ಇವು ಅಲ್ಲಿ ಸೇರಿ ನೀರಿನ ದಾರಿಯನ್ನು ಮುಚ್ಚುತ್ತವೆ. ನೀರು ಇಳಿಯುವವರೆಗೆ ಬಾಗಿಲು ತೆರೆಯದಿರುವುದು ರಕ್ಷಣೆಗಾಗಿ ಮಾಡಿದ ಏರ್ಪಾಡೇ ಹೊರತು ಇನ್ನೊಂದು ದೋಷವಲ್ಲ.

ಇಂಥ ಜಾಲರಿಯನ್ನು ಗೃಹಸ್ಥರೇ ಶುಚಿಗೊಳಿಸಬಹುದು. ಮೊದಲು ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಳಚಬೇಕು. ಕೇವಲ ಯಂತ್ರದ ಗುಂಡಿಯನ್ನು ಒತ್ತಿದರೆ ಸಾಲದು. ನಲ್ಲಿಯನ್ನು ಮುಚ್ಚಿ, ಬಿಸಿನೀರಿದ್ದರೆ ಆರಲು ಬಿಟ್ಟು, ಅಗಲವಾದ ತಟ್ಟೆಯೊಂದನ್ನು ಕೆಳಗಿಟ್ಟು ಮುಚ್ಚಳವನ್ನು ನಿಧಾನವಾಗಿ ತಿರುಗಿಸಬೇಕು. ನೀರೇ ಒಳಗೆ ಬರುತ್ತಿಲ್ಲವೆಂದಾದರೆ, ನಲ್ಲಿಯ ಕೊಳವೆ ಯಂತ್ರಕ್ಕೆ ಸೇರುವ ಕಡೆಯಲ್ಲಿರುವ ಸಣ್ಣ ಜರಡಿಯನ್ನು ನೋಡತಕ್ಕದ್ದು. ಚೆನ್ನೈ, ಹೈದರಾಬಾದುಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನು ಬಳಸುವ ಬಡಾವಣೆಗಳಲ್ಲಿ ಇದು ಸುಣ್ಣದಂಥ ಪುಡಿಯಿಂದ ಬೇಗನೆ ಕಟ್ಟಿಕೊಳ್ಳುತ್ತದೆ. ಛಾವಣಿಯ ತೊಟ್ಟಿಗೆ ತೀರ ಹತ್ತಿರವಿರುವ ಮೇಲಿನ ಅಂತಸ್ತಿನ ಮನೆಗಳಲ್ಲಿಯಾದರೋ ನೀರಿನ ಒತ್ತಡವೇ ಕಡಮೆಯಿರುತ್ತದೆ. ಅದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ.

ಎರಡು ತೊಟ್ಟಿಗಳ ಅರೆ ಸ್ವಯಂಚಾಲಿತ ಯಂತ್ರಗಳ ರೋಗಗಳು ಬೇರೆ. ಒಗೆಯುವ ತೊಟ್ಟಿಯಲ್ಲಿ ಮೋಟಾರು ಓಡುವ ಸದ್ದಿದ್ದು ಬಟ್ಟೆ ತಿರುಗದಿದ್ದರೆ ಬೆಲ್ಟು ಸಡಿಲಾಗಿರಬಹುದು ಅಥವಾ ಹರಿದಿರಬಹುದು. ಮೋಟಾರು ಗುಂಯ್‌ಗುಟ್ಟಿ ಕದಲದೆ ನಿಂತರೆ ಕೆಪಾಸಿಟರಿನ ದೋಷವನ್ನು ಶಂಕಿಸಬೇಕು. ಇವೆರಡೂ ಅಲ್ಪ ವೆಚ್ಚದಲ್ಲಿ ಬದಲಾಯಿಸಬಹುದಾದ ಭಾಗಗಳು. ಆದರೆ ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ ಅರಿಯದವರು ಅದಕ್ಕೆ ಕೈಹಾಕಬಾರದು. ಇಲಿ ಕಡಿದ ತಂತಿಗಳೂ ನಮ್ಮ ದೇಶದಲ್ಲಿ ಅಪರೂಪವಲ್ಲ. ತಳಕ್ಕೆ ಜಾಲರಿ ಹಾಕಿಸುವ ವೆಚ್ಚವು ಒಂದು ಸಲ ತಂತಿ ಬದಲಾಯಿಸುವ ವೆಚ್ಚಕ್ಕಿಂತ ಕಡಮೆ.

ವರ್ಗಾವಣೆಯಾಗಿ ಊರು ಬದಲಿಸುವ ನೌಕರರಿಗೆ ಇಲ್ಲೊಂದು ಮಾತು. ಮುಂಬಾಗಿಲಿನ ಯಂತ್ರವನ್ನು ಕೊಂಡಾಗ ಅದರ ಹಿಂಬದಿಯಿಂದ ತೆಗೆದ ಸಾಗಣೆಯ ಬೋಲ್ಟುಗಳನ್ನು ಎಸೆಯದೆ ಜೋಪಾನ ಮಾಡಿರಿ. ಮನೆ ಸಾಗಿಸುವಾಗ ಅವನ್ನು ಮತ್ತೆ ಬಿಗಿಯದಿದ್ದರೆ ಲಾರಿಯ ಕುಲುಕಾಟಕ್ಕೆ ಒಳತೊಟ್ಟಿಯ ಆಧಾರಗಳು ಜಖಂಗೊಳ್ಳುತ್ತವೆ; ಹೊಸ ಮನೆಯಲ್ಲಿ ಅವನ್ನು ತೆಗೆಯಲು ಮರೆತರೆ ಯಂತ್ರವು ನೆಲದ ಮೇಲೆ ಕುಣಿಯತೊಡಗುತ್ತದೆ.

ನಿಜವಾಗಿ ಯೋಚಿಸಬೇಕಾದ ದೋಷಗಳು ಎರಡು. ಒಂದು ನಿಯಂತ್ರಣದ ಬೋರ್ಡ್, ಇನ್ನೊಂದು ಬೇರಿಂಗ್. ಹಿಂಡುವ ಹಂತದಲ್ಲಿ ವಿಮಾನ ಏರಿದಂಥ ಮೊರೆತ ಕೇಳಿಬಂದರೆ ಬೇರಿಂಗ್ ಸವೆದಿದೆಯೆಂದು ತಿಳಿಯಬಹುದು. ಬೇರಿಂಗ್ ತಾನಾಗಿ ದುಬಾರಿಯ ವಸ್ತುವಲ್ಲ. ಆದರೆ ಈಚಿನ ಅನೇಕ ಯಂತ್ರಗಳಲ್ಲಿ ಹೊರತೊಟ್ಟಿಯ ಎರಡು ಹೋಳುಗಳನ್ನು ಬಿಚ್ಚಲಾಗದಂತೆ ಬೆಸೆದಿರುವುದರಿಂದ, ಸಣ್ಣ ಬೇರಿಂಗಿಗಾಗಿ ಇಡೀ ತೊಟ್ಟಿಯನ್ನೇ ಕೊಳ್ಳಬೇಕಾಗುತ್ತದೆ. ಕೊಳ್ಳುವ ಮುನ್ನವೇ ಅಂಗಡಿಯಲ್ಲಿ ಇದನ್ನು ವಿಚಾರಿಸುವವರು ವಿರಳ. ದುರಸ್ತಿಯ ಒಟ್ಟು ವೆಚ್ಚವು ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರಿ, ಯಂತ್ರಕ್ಕೂ ಎಂಟು ಹತ್ತು ವರ್ಷ ತುಂಬಿದ್ದರೆ ಬದಲಾಯಿಸುವುದೇ ಲೇಸು. ಮೂರು ನಾಲ್ಕು ವರ್ಷದ ಯಂತ್ರವನ್ನು ಬೋರ್ಡಿನ ನೆಪದಲ್ಲಿ ಗುಜರಿಗೆ ಹಾಕುವುದು ಮಾತ್ರ ದುಂದುಗಾರಿಕೆ. ಬೋರ್ಡನ್ನೇ ಸರಿಪಡಿಸಿಕೊಡುವ ಕುಶಲಿಗಳು ಎಲ್ಲ ದೊಡ್ಡ ನಗರಗಳಲ್ಲಿಯೂ ಇದ್ದಾರೆ.

ವೆಚ್ಚ ಯಾರದೆಂಬುದು ಮುಂದಿನ ಪ್ರಶ್ನೆ. "ಮೋಟಾರಿಗೆ ಹತ್ತು ವರ್ಷ" ಎಂಬ ಜಾಹೀರಾತನ್ನು ಇಡೀ ಯಂತ್ರಕ್ಕೆ ದೊರೆತ ಖಾತರಿಯೆಂದು ಭಾವಿಸುವುದು ತಪ್ಪು. ಖಾತರಿ ಪತ್ರವನ್ನು ಓದಿದರೆ ಬೋರ್ಡ್, ಪಂಪು, ಕೂಲಿ, ಭೇಟಿಯ ಶುಲ್ಕ ಇವೆಲ್ಲ ಹೊರಗುಳಿದಿರುವುದು ಕಾಣಬಹುದು. ಖರೀದಿಯ ರಸೀದಿಯನ್ನೂ ಪ್ರತಿ ಭೇಟಿಯ ಚೀಟಿಯನ್ನೂ ಕಾದಿರಿಸಬೇಕು. ಬದಲಾಯಿಸಿದ ಹಳೆಯ ಭಾಗವನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ಆರಂಭಿಸಿದ 'ದುರಸ್ತಿಯ ಹಕ್ಕು' ಜಾಲತಾಣವು ಗೃಹೋಪಯೋಗಿ ಯಂತ್ರಗಳ ದುರಸ್ತಿ, ಬಿಡಿಭಾಗ ಮತ್ತು ಖಾತರಿಯ ವಿವರಗಳನ್ನು ಒಂದೆಡೆ ನೀಡುವ ಉದ್ದೇಶದ್ದು. ಎಲ್ಲ ತಯಾರಕರ ವಿವರವೂ ಅಲ್ಲಿ ಸಮವಾಗಿ ದೊರೆಯುವುದೆನ್ನುವಂತಿಲ್ಲ.

ಖಾತರಿಯ ಅವಧಿಯಲ್ಲಿ ದೋಷವನ್ನು ಸರಿಪಡಿಸದೆ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಬಹುದು. ಹೊರನಾಡ ಕನ್ನಡಿಗರು ಗಮನಿಸಬೇಕಾದುದೆಂದರೆ, ಇಲ್ಲಿ ಸೇವೆ ದೊರೆಯುವ 17 ಭಾಷೆಗಳಲ್ಲಿ ಕನ್ನಡವೂ ಒಂದು. ಅಲ್ಲಿ ಬಗೆಹರಿಯದ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಯ್ಯಬಹುದು. ಬೆಂಗಳೂರಿನಲ್ಲಿ ಕೊಂಡ ಯಂತ್ರವು ಮುಂಬಯಿಗೆ ಬಂದ ಮೇಲೆ ಕೆಟ್ಟಿತೆಂದು ಬೆಂಗಳೂರಿಗೇ ಓಡಬೇಕಿಲ್ಲ: 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ವಕೀಲರು ಕಡ್ಡಾಯವಲ್ಲ. ದೂರಿಗೆ ಕಾರಣ ಒದಗಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ದೋಷ ರುಜುವಾತಾದರೆ ದುರಸ್ತಿ, ಬದಲಿ ಯಂತ್ರ ಅಥವಾ ಹಣದ ವಾಪಸಾತಿಯನ್ನು ಆಯೋಗವು ಆದೇಶಿಸಬಹುದು.

ಇನ್ನು, ಹಳೆಯ ಯಂತ್ರವನ್ನು ಬಿಟ್ಟುಕೊಡಲೇಬೇಕಾದಾಗ ತೂಕದ ಲೆಕ್ಕದಲ್ಲಿ ಬೀದಿಯ ಗುಜರಿಗೆ ಮಾರುವುದು ರೂಢಿ. ಅಲ್ಲಿಂದ ಅದು ದೆಹಲಿಯ ಸೀಲಂಪುರದಂಥ ಕಡೆಗಳಿಗೆ ಸೇರಿದರೆ, ಬರಿಗೈಯಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವವರ ಶ್ವಾಸಕೋಶಗಳು ಅದರ ಬೆಲೆ ತೆರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ವಾಷಿಂಗ್ ಮೆಷಿನ್ನಿಗೂ ಅನ್ವಯಿಸುತ್ತವೆ. ಮರುಬಳಕೆಯ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸಿವೆ. ಆದುದರಿಂದ ಹೊಸ ಯಂತ್ರವನ್ನು ತಂದುಕೊಡುವ ವ್ಯಾಪಾರಿಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಹಳೆಯದನ್ನು ಒಪ್ಪಿಸಿ, ಚೀಟಿ ಪಡೆಯುವುದು ಉಚಿತ.