ಎಲೆಯೊಳಗಿನ ಕಿಣ್ವವನ್ನು ಅಳೆಯುವ ಬಗೆ

ಗದ್ವಾಲದ ಭತ್ತದಲ್ಲಾಗಲಿ, ನಾರಾಯಣಪೇಟೆ ಮತ್ತು ಮಕ್ತಲ್ ಕಡೆಯ ಜೋಳದಲ್ಲಾಗಲಿ, ಕಾಳು ಕಟ್ಟುವ ಹೊತ್ತಿಗೆ ಬುಡದ ಎಲೆಗಳು ಹಳದಿಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಗ ಎಲೆಯ ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆದು, ಅದರಲ್ಲಿದ್ದ ಸಾರಜನಕ ಕಾಳಿಗೆ ಸಾಗುತ್ತಿರುತ್ತದೆ. ಹೀಗೆ ಒಡೆಯುವ ಕಿಣ್ವಗಳಿಗೆ ಪ್ರೋಟಿಯೇಸ್ ಎಂದು ಹೆಸರು. ಹತ್ತನೆಯ ತರಗತಿಯ ನಂತರ ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ನಮ್ಮ ಮಕ್ಕಳಿಗೆ ಕಿಣ್ವವು ಎಂಜೈಮ್ ಆಗಿ ಎದುರಾಗುತ್ತದೆ. ವಿಷಯವನ್ನು ಈಗಲೇ ತಮ್ಮ ನುಡಿಯಲ್ಲಿ ಅರಿತವರು ಅಲ್ಲಿ ಹೊಸದಾಗಿ ಕಲಿಯಬೇಕಾದುದು ಒಂದು ಪದವನ್ನು ಮಾತ್ರ.

ಕಿಣ್ವವನ್ನು ತಕ್ಕಡಿಯಲ್ಲಿಟ್ಟು ತೂಗಿ ಪ್ರಯೋಜನವಿಲ್ಲ; ಎಲೆಯಲ್ಲಿದ್ದೂ ಕೆಲಸ ಮಾಡದ ಕಿಣ್ವವೂ ಉಂಟು. ಆದುದರಿಂದ ಗೊತ್ತಾದ ಅವಧಿಯಲ್ಲಿ ಅದು ಮಾಡಿದ ಕೆಲಸವನ್ನೇ ಅಳೆಯುತ್ತಾರೆ.

ಇದರ ಒರಟು ರೂಪವನ್ನು ಶಾಲೆಯಲ್ಲಿಯೇ ನೋಡಬಹುದು. ಮಾಂಸ ಮೆತ್ತಗಾಗಲೆಂದು ಅಡುಗೆಗೆ ಹಸಿ ಪರಂಗಿಕಾಯಿ ಹಾಕುವುದು ನಮ್ಮ ಸೀಮೆಗೆ ಹೊಸತಲ್ಲ. ಅದರ ಹಾಲಿನಲ್ಲಿರುವ ಪಪೈನ್ ಒಂದು ಪ್ರೋಟಿಯೇಸ್. ಉಗುರುಬೆಚ್ಚನೆಯ ಹಾಲಿರುವ ಎರಡು ಲೋಟಗಳಲ್ಲಿ ಒಂದಕ್ಕೆ ನೀರಿನಲ್ಲಿ ಕಲಸಿದ ಪರಂಗಿಹಾಲನ್ನೂ, ಇನ್ನೊಂದಕ್ಕೆ ಅದನ್ನೇ ಚೆನ್ನಾಗಿ ಕುದಿಸಿ ಆರಿಸಿ ಅಷ್ಟೇ ಅಳತೆಯಲ್ಲೂ ಹಾಕಬೇಕು. ಮೊದಲನೆಯದು ಒಡೆಯಲು ಹಿಡಿಯುವ ಸಮಯವೇ ಅಳತೆ: ಬೇಗ ಒಡೆದಷ್ಟೂ ಕಿಣ್ವ ಚುರುಕು. ಕುದಿದ ಕಿಣ್ವ ಕೆಟ್ಟಿರುವುದರಿಂದ ಎರಡನೆಯ ಲೋಟ ಹಾಗೆಯೇ ಉಳಿಯುತ್ತದೆ. ಪರಂಗಿಹಾಲು ಚರ್ಮ, ಕಣ್ಣುಗಳಿಗೆ ಉರಿ ತರುವುದರಿಂದ ಶಿಕ್ಷಕರು ಜೊತೆಗಿರಲೇಬೇಕು. ಆ ಹಾಲನ್ನು ಕುಡಿಯಬಾರದು.

ಪ್ರಯೋಗಾಲಯದ ಕ್ರಮಕ್ಕೆ 1938ರಲ್ಲಿ ಆನ್ಸನ್ ಪ್ರಕಟಿಸಿದ ವಿಧಾನ ಬುನಾದಿ. ಅವರು ಬಳಸಿದ್ದು ರಕ್ತದ ಹಿಮೋಗ್ಲೋಬಿನ್. ಈಗ ಹಾಲಿನ ಕೇಸಿನ್ ಹೆಚ್ಚು ಬಳಕೆಯಲ್ಲಿದೆ. ಎಲೆಯನ್ನು ಮಂಜುಗಡ್ಡೆಯ ಮೇಲಿಟ್ಟ ಕಲ್ಬತ್ತಿನಲ್ಲಿ ಅರೆದು ಸೋಸಿ, ರಸವನ್ನು ಕೇಸಿನ್ ದ್ರಾವಣಕ್ಕೆ ಬೆರೆಸಿ, ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡುತ್ತಾರೆ. ಬಳಿಕ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಹಾಕಿದರೆ ಕೆಲಸ ನಿಲ್ಲುತ್ತದೆ. ಒಡೆಯದ ಕೇಸಿನ್ ತಳಕ್ಕಿಳಿದು, ಒಡೆದ ಚೂರುಗಳು ತಿಳಿಯಲ್ಲಿ ಉಳಿಯುತ್ತವೆ. ಫೋಲಿನ್ ದ್ರಾವಣ ಸೇರಿಸಿದಾಗ ಚೂರುಗಳಲ್ಲಿರುವ ಟೈರೋಸಿನ್ ನೀಲಿ ಬಣ್ಣ ಕೊಡುತ್ತದೆ. ನೀಲಿ ಗಾಢವಾದಷ್ಟೂ ಕೆಲಸ ಹೆಚ್ಚು.

ಎಡವುವುದು ಇಲ್ಲಿಯೇ. ಎಲೆಯ ಒಗರಿನ ಅಂಶವೂ ಫೋಲಿನ್ ದ್ರಾವಣದೊಡನೆ ನೀಲಿಯಾಗುತ್ತದೆ. ಅದಕ್ಕಾಗಿ ಇನ್ನೊಂದು ನಳಿಕೆಯಲ್ಲಿ ಕೇಸಿನ್‌ಗೆ ಮೊದಲೇ ಆಮ್ಲ ಹಾಕಿ, ಅನಂತರ ಎಲೆಯ ರಸ ಬೆರೆಸಿ, ಅಲ್ಲಿ ಬಂದ ನೀಲಿಯನ್ನು ಲೆಕ್ಕದಿಂದ ಕಳೆಯುತ್ತಾರೆ. ಉಳಿದುದನ್ನು ನಿಮಿಷಕ್ಕೆ ಇಷ್ಟು, ಎಲೆಯ ಒಂದು ಗ್ರಾಮಿಗೆ ಇಷ್ಟು ಎಂದು ಬರೆಯುತ್ತಾರೆ. ಒಣಗುತ್ತಿರುವ ಎಲೆಯಲ್ಲಿ ನೀರು ಕಡಿಮೆ. ಹಸಿ ತೂಕದಿಂದ ಭಾಗಿಸಿದರೆ ಹಳೆಯ ಎಲೆಯ ಕಿಣ್ವ ಇರುವುದಕ್ಕಿಂತ ಹೆಚ್ಚು ಕಂಡೀತು. ಆದುದರಿಂದ ಬುಡದ ಎಲೆಯನ್ನೂ ತುದಿಯ ಎಲೆಯನ್ನೂ ಹೋಲಿಸುವಾಗ ಒಣ ತೂಕವನ್ನು ಹಿಡಿಯುವುದು ಮೇಲು.